ಅಂಗಳದ ಹಕ್ಕಿಗಳು ಮತ್ತು ಸಲೀಂ ಅಲಿ

ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಮನೆಯ ಮುಂದೆ ಒಂದು ದಾಸವಾಳದ ಗಿಡವಿದ್ದರೆ ಸಾಕು, ಬಿಸಿಲೇರುವ ಮುನ್ನ ಅಲ್ಲಿಗೆ ಹಿಡಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿಯೊಂದು ಬಂದೇ ಬರುತ್ತದೆ. ಗುಬ್ಬಿಗಿಂತ ಚಿಕ್ಕದು, ಸುಮಾರು 10 ಸೆಂಟಿಮೀಟರ್ ಉದ್ದ, ತೂಕ 10 ಗ್ರಾಮಿನ ಆಸುಪಾಸು. ಕೊಕ್ಕು ನೀಳವಾಗಿ ಕೆಳಕ್ಕೆ ಬಾಗಿದೆ. ಗಂಡಿನ ಮೈಬಣ್ಣ ನೆರಳಿನಲ್ಲಿ ಕಪ್ಪಾಗಿಯೂ ಬಿಸಿಲಿಗೆ ಹೊರಳಿದಾಗ ನೇರಳೆ, ಹಸಿರು, ತಾಮ್ರವಾಗಿಯೂ ಮಿಂಚುತ್ತದೆ. ಹೂವಿನ ಮುಂದೆ ಅದು ಕ್ಷಣಕಾಲ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಲ್ಲುತ್ತದೆ; ಮರುಕ್ಷಣ ರೆಂಬೆಯ ಮೇಲೆ ಕುಳಿತು ಹೂವಿನ ಬುಡಕ್ಕೆ ಕೊಕ್ಕನ್ನು ಚುಚ್ಚುತ್ತದೆ. ಕಂಡವರಲ್ಲಿ ಅನೇಕರು, ಅದರಲ್ಲಿಯೂ ಶಾಲೆ ಕಾಲೇಜು ಓದಿದ ಹುಡುಗರು, ಅದನ್ನು ಹಮ್ಮಿಂಗ್ ಬರ್ಡ್ ಎಂದೇ ಕರೆಯುತ್ತಾರೆ. ಆದರೆ ಹಮ್ಮಿಂಗ್ ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಹಕ್ಕಿ. ದಾಸವಾಳಕ್ಕೆ ಬರುವುದು ಸೂರಕ್ಕಿ. ಇದೇ ಸೀಮೆಯ ತಮಿಳರ ಮನೆಯಲ್ಲಿ ಅದು ತೇನ್‌ಸಿಟ್ಟು, ತೆಲುಗರ ಮನೆಯಲ್ಲಿ ತೇನೆಪಿಟ್ಟ. ಮರಾಠಿಯಲ್ಲಿ ಶಿಂಜೀರ. ತಮಿಳು ತೆಲುಗುಗಳು ಅದರ ಆಹಾರವನ್ನು ಹಿಡಿದು ಹೆಸರಿಟ್ಟಿವೆ. ಕನ್ನಡದ ಹೆಸರು ಬಿಸಿಲಿನ ಹೊಳಪನ್ನು ನೆನಪಿಸುತ್ತದೆ. ಮನೆಯ ಸೂರಿನ ಅಂಚಿಗೇ ಬಂದು ಗೂಡು ತೂಗುಹಾಕುವ ಹಕ್ಕಿಯಾದುದರಿಂದ ಅದು ಸೂರಿನ ಹಕ್ಕಿ ಎಂದು ಕಿವಿಗೆ ಕೇಳಿಸಿದರೂ ತಪ್ಪೆನಿಸುವುದಿಲ್ಲ.

ಹಮ್ಮಿಂಗ್ ಬರ್ಡಿಗೂ ಸೂರಕ್ಕಿಗೂ ರಕ್ತಸಂಬಂಧವಿಲ್ಲ. ಹೂವಿನ ಆಳದಲ್ಲಿರುವ ಮಕರಂದವನ್ನು ಹೀರಿ ಬದುಕಬೇಕೆಂಬ ಒಂದೇ ಅಗತ್ಯವು ಎರಡು ಬೇರೆ ಕುಲಗಳಿಗೆ ಒಂದೇ ಬಗೆಯ ಕೊಕ್ಕನ್ನೂ ನಾಲಗೆಯನ್ನೂ ಕೊಟ್ಟಿದೆ. ಅಮೆರಿಕದಲ್ಲಿ ಹಮ್ಮಿಂಗ್ ಬರ್ಡಿಗಾಗಿ ಸಕ್ಕರೆನೀರಿನ ಬಾಟಲಿಗಳನ್ನು ತೋಟದಲ್ಲಿ ತೂಗುಹಾಕುವ ಹವ್ಯಾಸ ದೊಡ್ಡದಾಗಿ ಬೆಳೆದಿದೆ. ಇಲ್ಲಿ ಅಂಥ ಏರ್ಪಾಡಿನ ಅವಶ್ಯಕತೆ ಅಷ್ಟಾಗಿ ಇಲ್ಲ. ದಾಸವಾಳ, ಕೇಪಳ, ಹಾಲುವಾಣ, ಹಿತ್ತಲಿನ ಬಾಳೆಯ ಹೂವು, ಇಷ್ಟಿದ್ದರೆ ಸೂರಕ್ಕಿ ತಾನಾಗಿಯೇ ಬರುತ್ತದೆ. ಈಗ ಬೇಲಿಯ ಸಾಲಿನಲ್ಲಿ ಅಲಂಕಾರಕ್ಕೆಂದು ನೆಡುವ, ಕಿತ್ತಳೆಗೆಂಪು ಹೂವಿನ ಹ್ಯಾಮೇಲಿಯಾ ಗಿಡ ಅಮೆರಿಕದ್ದು. ತವರಿನಲ್ಲಿ ಅದರ ಹೂವಿಗೆ ಬರುವುದು ಹಮ್ಮಿಂಗ್ ಬರ್ಡು. ಇಲ್ಲಿ ಆ ಕೆಲಸವನ್ನು ಸೂರಕ್ಕಿ ವಹಿಸಿಕೊಂಡಿದೆ.

ಇಷ್ಟು ಸಾಮಾನ್ಯವಾದ, ಕಿಟಕಿಯಿಂದಲೇ ಕಾಣುವ ಹಕ್ಕಿಗಳನ್ನು ತಿಂಗಳುಗಟ್ಟಲೆ ನೋಡುವುದೂ ಒಂದು ವಿದ್ಯೆ ಎಂದು ಈ ದೇಶದಲ್ಲಿ ತೋರಿಸಿಕೊಟ್ಟವರಲ್ಲಿ ಸಲೀಂ ಅಲಿ ಪ್ರಮುಖರು. ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಪದ್ಮವಿಭೂಷಣದೊಡನೆ, ರಾಜ್ಯಸಭೆಯ ಸದಸ್ಯತ್ವದೊಡನೆ, ಅಭಯಾರಣ್ಯಗಳ ನಾಮಫಲಕದೊಡನೆ ಬರುತ್ತದೆ. ಆ ಗೌರವಗಳೆಲ್ಲ ಬದುಕಿನ ಉತ್ತರಾರ್ಧದವು. ಪೂರ್ವಾರ್ಧದಲ್ಲಿ ಅವರು ಪದವಿಯಿಲ್ಲದ, ವ್ಯಾಪಾರದಲ್ಲಿ ಸೋತ, ಸಿಕ್ಕಿದ ಒಂದು ಉದ್ಯೋಗವನ್ನೂ ಕಳೆದುಕೊಂಡ ಮನುಷ್ಯ. ಅವರ ಜೀವನದ ತಿರುವು ಇರುವುದು ಕೊಂಕಣದ ಒಂದು ಮನೆಯಂಗಳದಲ್ಲಿ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ, ಬೊಹ್ರಾ ಮುಸ್ಲಿಂ ಮನೆತನವೊಂದರಲ್ಲಿ ಹುಟ್ಟಿದರು. ತುಂಬಿದ ಮನೆಯ ಕಡೆಯ ಮಗು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು; ಮೂರು ವರ್ಷವಾಗುವಾಗ ತಾಯಿಯೂ ಇಲ್ಲವಾದರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಆ ಮಕ್ಕಳನ್ನು ಸಾಕಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮಾವ ಬೇಟೆಗಾರರು, ಹುಡುಗನ ಕೈಗೆ ಒಂದು ಏರ್‌ಗನ್ ಬಂತು, ಗುಬ್ಬಿಗಳು ಬಿದ್ದವು. ಹತ್ತು ವರ್ಷದ ಸುಮಾರಿಗೆ ಹೀಗೆ ಬಿದ್ದ ಒಂದು ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿ ಎಂಬ ಹುಡುಗನ ಪ್ರಶ್ನೆಗೆ ಮಾವನಲ್ಲಿ ಉತ್ತರವಿರಲಿಲ್ಲ. ಅವರು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯೂ. ಎಸ್. ಮಿಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲಾರ್ಡರು ಹಕ್ಕಿಯನ್ನು ಗುರುತಿಸಿದ್ದು ಮಾತ್ರವಲ್ಲ, ಸೊಸೈಟಿಯ ಸಂಗ್ರಹದ ಹಕ್ಕಿಗಳನ್ನು ತೆಗೆದು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಆ ಪುಸ್ತಕಗಳಲ್ಲೊಂದು ಮುಂಬಯಿಯ ಸಾಮಾನ್ಯ ಹಕ್ಕಿಗಳನ್ನು ಕುರಿತದ್ದು. ಅದನ್ನು ಬರೆದ ಇ. ಎಚ್. ಏಟ್ಕಿನ್ ಕನ್ನಡನಾಡಿಗೆ ಅಪರಿಚಿತರಲ್ಲ. ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯಾಗಿ ಅವರು ಉತ್ತರ ಕನ್ನಡದಲ್ಲಿಯೂ ಇದ್ದವರು; ಮನೆಯ ಗೋಡೆ, ಜಗಲಿ, ತೋಟಗಳಲ್ಲಿ ಬದುಕುವ ಜೀವಿಗಳನ್ನು ಕುರಿತು ನಗೆಯ ಲೇಪವಿಟ್ಟು ಬರೆದವರು. ದೂರದ ಕಾಡಿಗೆ ಹೋಗದೆ ಮನೆಯ ಸುತ್ತಲೇ ನೋಡುವ ಬಗೆಯ ಬರಹ ಹೀಗೆ ಬಾಲ್ಯದಲ್ಲಿಯೇ ಸಲೀಮರ ಕೈಗೆ ಬಂದಿತ್ತು.

ಶಾಲೆಯಲ್ಲಿ ಅವರು ಮುಂದೆ ಬರಲಿಲ್ಲ. ತೀವ್ರವಾದ ತಲೆನೋವು ಓದನ್ನು ಮತ್ತೆ ಮತ್ತೆ ಕಡಿಯಿತು. ಒಣಹವೆ ಹಿತವಾದೀತೆಂದು ಸಿಂಧ್ ಪ್ರಾಂತಕ್ಕೆ ಕಳಿಸಿದರು. 1913ರಲ್ಲಿ ಮೆಟ್ರಿಕ್ಯುಲೇಷನ್ ಹೇಗೋ ದಾಟಿತು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಸೇರಿ, ಮೊದಲ ವರ್ಷದಲ್ಲಿಯೇ ಬಿಟ್ಟು, ಕುಟುಂಬದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾ ದೇಶದ ತವಾಯ್‌ಗೆ ಹೋದರು. ಗಣಿಗಿಂತ ಗಣಿಯ ಸುತ್ತಣ ಕಾಡು ಅವರನ್ನು ಎಳೆಯಿತು. 1917ರಲ್ಲಿ ಮರಳಿದಾಗ ವಾಣಿಜ್ಯದ ಓದಿಗೆ ತೊಡಗಿದರು. ಝೇವಿಯರ್ಸಿನ ಫಾದರ್ ಬ್ಲಾಟರ್ ಅವರ ಒತ್ತಾಸೆಯಿಂದ ಪ್ರಾಣಿಶಾಸ್ತ್ರವನ್ನೂ ಜೊತೆಗೆ ಓದಿದರು. 1918ರ ಡಿಸೆಂಬರಿನಲ್ಲಿ ತೆಹ್ಮಿನಾ ಬೇಗಂ ಅವರೊಡನೆ ಮದುವೆಯಾಯಿತು. ಬರ್ಮಾದ ವ್ಯಾಪಾರ ಕೊನೆಗೂ ಕೈಹಿಡಿಯಲಿಲ್ಲ.

ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ಪಕ್ಷಿವಿಜ್ಞಾನಿಯ ಹುದ್ದೆಯೊಂದು ತೆರವಾಗಿತ್ತು. ಸ್ನಾತಕ ಪದವಿಯಿಲ್ಲದ ಕಾರಣ ಅದು ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರ ಕೆಲಸ ಸಿಕ್ಕಿತು. ಬಂದವರಿಗೆ ಗಾಜಿನ ಪೆಟ್ಟಿಗೆಯ ಪ್ರಾಣಿಪಕ್ಷಿಗಳನ್ನು ವಿವರಿಸುವುದು, ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷಕ್ಕೆ ಆ ಕೆಲಸ ಬೇಸರ ತಂದಿತು. ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಅಲ್ಲಿನ ಪ್ರಾಣಿವಿಜ್ಞಾನ ಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಕೈಕೆಳಗೆ ಕಲಿತರು. ಜೀವನಪೂರ್ತಿ ಅವರು ಗುರುವೆಂದು ನೆನೆದದ್ದು ಈ ಜರ್ಮನ್ ವಿದ್ವಾಂಸರನ್ನು. ಸತ್ತ ಹಕ್ಕಿಯ ಗರಿಯನ್ನು ಅಳೆದು ಹೆಸರಿಡುವುದಷ್ಟೇ ಪಕ್ಷಿವಿಜ್ಞಾನವಲ್ಲ, ಬದುಕಿರುವ ಹಕ್ಕಿ ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದೂ ಅದರ ಭಾಗ ಎಂಬ ತಿಳಿವಳಿಕೆ ಆ ವಲಯದಲ್ಲಿ ಆಗ ಬಲಗೊಳ್ಳುತ್ತಿತ್ತು. 1930ರಲ್ಲಿ ಸಲೀಂ ಅಲಿ ಹಿಂದಿರುಗಿದರು. ವಸ್ತುಸಂಗ್ರಹಾಲಯದಲ್ಲಿ ಹಣದ ಅಭಾವದಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಆಗ ಅವರಿಗೆ ಮೂವತ್ತನಾಲ್ಕರ ಪ್ರಾಯ. ಮುಂಬಯಿಯಲ್ಲಿ ಮನೆ ನಡೆಸುವುದು ಕಷ್ಟವಾಯಿತು. ತೆಹ್ಮಿನಾ ಅವರಿಗೆ ಸ್ವಂತ ವರಮಾನ ಅಲ್ಪಸ್ವಲ್ಪವಿತ್ತು. ಸಮುದ್ರದಾಚೆ ಅಲಿಬಾಗಿನ ಬಳಿ ಕಿಹಿಮ್ ಎಂಬ ಕರಾವಳಿಯ ಹಳ್ಳಿಯಲ್ಲಿ ಮರಗಳ ನಡುವೆ ಕುಟುಂಬದ ಪುಟ್ಟ ಮನೆಯೊಂದಿತ್ತು. ದಂಪತಿ ಅಲ್ಲಿಗೆ ಹೋದರು. ಉದ್ಯೋಗವಿಲ್ಲದ ಗಂಡ, ನಗರದ ಸುಖದಲ್ಲಿ ಬೆಳೆದ ಹೆಂಡತಿ, ಮಳೆಗಾಲದ ಕೊಂಕಣ. ಸಲೀಂ ಅಲಿಯವರ ಜೀವನಚರಿತ್ರೆಗಳು ಈ ಕಾಲವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ಅದು ಅನ್ಯಾಯವೆಂದೇ ಹೇಳಬೇಕು. ಅವರ ಮುಂದಿನ ಐವತ್ತು ವರ್ಷಗಳ ಕ್ರಮ ರೂಪುಗೊಂಡದ್ದು ಅಲ್ಲಿ, ಅದಕ್ಕೆ ಬೇಕಾದ ಬಿಡುವನ್ನು ಕೊಟ್ಟದ್ದು ತೆಹ್ಮಿನಾ ಅವರ ಸಹನೆ.

ಮನೆಯ ಹತ್ತಿರ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮಳೆಯಲ್ಲಿ ನೆನೆಯುವ ಕೋತಿಗೆ ಬುದ್ಧಿ ಹೇಳಲು ಹೋಗಿ ಗೂಡು ಕಳೆದುಕೊಂಡ ಗೀಜಗದ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವುದೇ. ಅದರ ನೇಯ್ಗೆಯನ್ನು ಮೆಚ್ಚಿದವರಿಗೆ ಲೆಕ್ಕವಿಲ್ಲ. ಆದರೆ ಆ ಗೂಡಿನ ಸಂಸಾರ ಹೇಗೆ ನಡೆಯುತ್ತದೆಂದು ತಿಂಗಳುಗಟ್ಟಲೆ ಕುಳಿತು ನೋಡಿದವರು ವಿರಳ. ಸಲೀಂ ಅಲಿ ಕುಳಿತರು. ದಿನವೂ ಒಂದೇ ಗುಂಪಿನ ಗೂಡುಗಳನ್ನು ನೋಡಿ, ಯಾವ ಗೂಡು ಯಾವ ಹಂತದಲ್ಲಿದೆ, ಯಾವ ಹಕ್ಕಿ ಎಲ್ಲಿಗೆ ಹೋಯಿತು ಎಂಬುದನ್ನು ಬರೆದಿಟ್ಟುಕೊಂಡರು. ಕಂಡದ್ದು ಇದು: ಗೂಡನ್ನು ನೇಯುವುದು ಗಂಡು. ಅದು ಗೂಡನ್ನು ಪೂರ್ತಿ ಕಟ್ಟುವುದಿಲ್ಲ. ಬೋರಲು ಹಾಕಿದ ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ನಿಲ್ಲಿಸಿ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣುಗಳು ಬಂದು, ಒಳಹೊಕ್ಕು, ನಾರನ್ನು ಎಳೆದು ಪರೀಕ್ಷಿಸುತ್ತವೆ. ಒಪ್ಪಿಗೆಯಾಗದ ಗೂಡು ಅರ್ಧಕ್ಕೇ ಉಳಿಯುತ್ತದೆ. ಒಪ್ಪಿದರೆ ಗಂಡು ಮೊಟ್ಟೆಯ ಕೋಣೆಯನ್ನೂ ಉದ್ದನೆಯ ಕೊಳವೆಯನ್ನೂ ಕಟ್ಟಿ ಮುಗಿಸುತ್ತದೆ, ಹೆಣ್ಣು ಒಳಸೇರುತ್ತದೆ. ಅಷ್ಟಕ್ಕೆ ಗಂಡಿನ ಜವಾಬ್ದಾರಿ ಬಹುಮಟ್ಟಿಗೆ ಮುಗಿದಂತೆ. ಅದು ಸಮೀಪದಲ್ಲಿಯೇ ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಂದು ಋತುವಿನಲ್ಲಿ ಒಂದಾದ ಮೇಲೊಂದು ಸಂಸಾರ. ಈ ಕ್ರಮವನ್ನು ವಿವರಿಸಿದ ಲೇಖನ 1931ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಅಚ್ಚಾಯಿತು; ಅವರಿಗೆ ಹೆಸರು ತಂದಿತು. ಇಂದು ಕೃಷ್ಣಗಿರಿಯ ಕಡೆ ಬಾವಿಯ ಮೇಲೆ ಬಾಗಿದ ಮರದಲ್ಲಿ ಅರ್ಧ ಕಟ್ಟಿ ಬಿಟ್ಟ ಗೀಜಗದ ಗೂಡನ್ನು ಕಂಡವರು, ಅದನ್ನು ಸೋಮಾರಿ ಹಕ್ಕಿಯ ಕೆಲಸವೆಂದು ತಿಳಿಯಬೇಕಾಗಿಲ್ಲ. ಅದು ಹೆಣ್ಣು ತಿರಸ್ಕರಿಸಿದ ಮನೆ.

ಅದೇ ವರ್ಷಗಳಲ್ಲಿ ಅವರ ಗಮನ ಹೂವಿಗೆ ಬರುವ ಹಕ್ಕಿಗಳತ್ತ ಹರಿಯಿತು. ಕೊಂಕಣದ ಮಾವಿನ ಮರಗಳ ಮೇಲೆ ಬದನಿಕೆ ಬೆಳೆಯುತ್ತದೆ. ಕೆಲವೆಡೆ ಅದನ್ನು ಬಂದಳಿಕೆ ಎನ್ನುತ್ತಾರೆ. ಪರರ ಕೊಂಬೆಯ ಮೇಲೆ ಬೇರೂರಿ, ಪರರ ರಸವನ್ನು ಹೀರಿ, ಕೊನೆಗೆ ಆ ಕೊಂಬೆಯನ್ನೇ ಒಣಗಿಸುವ ಗಿಡ. ಮಾವನ್ನೇ ನಂಬಿದ ಕೃಷ್ಣಗಿರಿಯ ತೋಟದವರಿಗೂ ಇದರ ಉಪದ್ರವ ಚೆನ್ನಾಗಿ ಗೊತ್ತು. ಅದು ಮರದಿಂದ ಮರಕ್ಕೆ ಹಬ್ಬುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಸಲೀಂ ಅಲಿ 1931ರಲ್ಲಿ ಪ್ರಕಟಿಸಿದ ಚಿಕ್ಕ ಲೇಖನದ ನಾಯಕರು ಸೂರಕ್ಕಿ ಮತ್ತು ಅದಕ್ಕಿಂತಲೂ ಕಿರಿದಾದ ಬದನಿಕೆ ಹಕ್ಕಿ. ಬದನಿಕೆಯ ಹೂವು ಕಿತ್ತಳೆಗೆಂಪಿನ ಉದ್ದ ಕೊಳವೆ. ಬಲಿತ ಮೊಗ್ಗನ್ನು ಕೊಕ್ಕಿನಿಂದ ಒತ್ತಿದಾಗ ಅದು ಥಟ್ಟನೆ ಬಿರಿದು ಪರಾಗವನ್ನು ಹಕ್ಕಿಯ ಹಣೆಗೆ ಎರಚುತ್ತದೆ. ಹಕ್ಕಿ ಮಕರಂದ ಕುಡಿದು ಮುಂದಿನ ಹೂವಿಗೆ ಹೋದಾಗ ಹಣೆಯ ಪರಾಗವೂ ಹೋಗುತ್ತದೆ. ಕಾಯಿ ಕಟ್ಟಿ ಹಣ್ಣಾದಾಗ ಬದನಿಕೆ ಹಕ್ಕಿ ಅದನ್ನು ನುಂಗುತ್ತದೆ. ಅಂಟುಅಂಟಾದ ಬೀಜ ಸ್ವಲ್ಪ ಹೊತ್ತಿನಲ್ಲಿಯೇ ಹೊರಬಂದು ಸುಲಭವಾಗಿ ಉದುರದೆ ಹಿಂದೆಯೇ ಅಂಟಿಕೊಳ್ಳುವುದರಿಂದ, ಹಕ್ಕಿ ಮೈಯನ್ನು ಕೊಂಬೆಗೆ ಉಜ್ಜುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಹೂವು ಕಾಯಾಗುವುದು ಹಕ್ಕಿಯಿಂದ, ಕಾಯಿ ಗಿಡವಾಗುವುದೂ ಹಕ್ಕಿಯಿಂದ. ಗಿಡಕ್ಕೂ ಹಕ್ಕಿಗೂ ಒಂದೇ ಹೆಸರನ್ನಿಟ್ಟ ಕನ್ನಡದ ಹಳ್ಳಿಗರು ಈ ಸಂಬಂಧವನ್ನು ಗಮನಿಸದೆ ಆ ಕೆಲಸ ಮಾಡಿರಲಾರರು.

ಈ ಲೇಖನದಲ್ಲಿ ಗಮನಿಸಬೇಕಾದದ್ದು ಅವರ ನಿಷ್ಪಕ್ಷಪಾತ. ಹಕ್ಕಿಯನ್ನು ಪ್ರೀತಿಸುವವನು ಅದರ ಉಪಕಾರವನ್ನಷ್ಟೇ ಹೇಳಲು ಬಯಸುತ್ತಾನೆ. ತಮಗೆ ಪ್ರಿಯವಾದ ಹಕ್ಕಿಗಳು ಮಾವಿನ ಬೆಳೆಗಾರನ ಶತ್ರುವನ್ನು ಸಾಕುತ್ತಿವೆ ಎಂಬುದನ್ನು ಸಲೀಂ ಅಲಿ ಮರೆಮಾಚದೆ ಬರೆದರು. ಮರುವರ್ಷ, 1932ರಲ್ಲಿ, ಭಾರತದ ಹೂಹಕ್ಕಿಗಳನ್ನೂ ಹಕ್ಕಿಯನ್ನು ಕರೆಯುವ ಹೂಗಳನ್ನೂ ಕುರಿತ ಮೂವತ್ತಕ್ಕೂ ಹೆಚ್ಚು ಪುಟಗಳ ಪ್ರಬಂಧ ಹೊರಬಂತು. ಹಕ್ಕಿಗಳು ಹೂವಿಗೆ ಬರುವುದು ಕೇವಲ ದರೋಡೆಗಲ್ಲ, ಅನೇಕ ಗಿಡಮರಗಳ ಸಂತಾನ ಅವುಗಳ ಕೊಕ್ಕಿನ ಮೇಲೆ ನಿಂತಿದೆ ಎಂಬುದು ಅಲ್ಲಿನ ವಿಷಯ. ಹಾಲುವಾಣ, ಮುತ್ತುಗ, ಬೂರುಗಗಳು ಎಲೆ ಉದುರಿಸಿ ಕೆಂಪು ಕಿತ್ತಳೆ ಹೂಗಳನ್ನು ಹೊತ್ತು ನಿಲ್ಲುವ ಕಾಲದಲ್ಲಿ ಆ ಮರಗಳ ಕೆಳಗೆ ಅರ್ಧ ಗಂಟೆ ನಿಂತವರಿಗೆ ಇದರ ಸತ್ಯ ತಿಳಿಯುತ್ತದೆ. ದರೋಡೆಯೂ ಇಲ್ಲದಿಲ್ಲ. ದಾಸವಾಳದ ಬುಡಕ್ಕೆ ಹೊರಗಿನಿಂದಲೇ ತೂತು ಕೊರೆದು ಮಕರಂದ ಕದಿಯುವ ಸೂರಕ್ಕಿ ಪರಾಗವನ್ನು ಮುಟ್ಟುವುದೇ ಇಲ್ಲ. ಹೂವಿಗೆ ಅದರಿಂದ ಬಿಡಿಗಾಸಿನ ಲಾಭವಿಲ್ಲ.

ಮನೆಯಂಗಳದಲ್ಲಿ ಸೂರಕ್ಕಿಯನ್ನು ನೋಡುವವರು ಈ ದೃಷ್ಟಿಯಿಂದ ನೋಡಿದರೆ ಕಾಣುವುದು ಬಹಳ. ಈ ಸೀಮೆಯ ತೋಟಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಬೆನ್ನು ಕಡುಗೆಂಪಾಗಿ, ಸೊಂಟ ನೇರಳೆಯಾಗಿ, ಹೊಟ್ಟೆ ಹಳದಿಯಾಗಿರುವುದು ಅತಿ ಸಾಮಾನ್ಯವಾದ ಬಗೆ. ಮೈಯೆಲ್ಲ ಮಿನುಗುವ ಕಡುನೇರಳೆಯದು ಇನ್ನೊಂದು; ಅದರ ಗಂಡು ಸಂತಾನಕಾಲ ಮುಗಿದೊಡನೆ ಹೊಳಪನ್ನು ಕಳಚಿ ಹೆಣ್ಣಿನ ಬಣ್ಣಕ್ಕೆ ಇಳಿಯುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಗುರುತಿಗೆ ಉಳಿಯುತ್ತದೆ. ಮೂರನೆಯದರ ಕೊಕ್ಕು ಎಲ್ಲಕ್ಕಿಂತ ಉದ್ದ. ಗೂಡು ಕಟ್ಟುವ ಕೆಲಸ ಇಲ್ಲಿ ಗೀಜಗಕ್ಕೆ ವಿರುದ್ಧ: ನೇಯುವುದು ಹೆಣ್ಣು, ಗಂಡು ಹಿಂದೆ ಮುಂದೆ ಹಾರಾಡುತ್ತಿರುತ್ತದೆ. ಬಟ್ಟೆ ಒಣಹಾಕುವ ತಂತಿ, ಜಗಲಿಯ ಬಳ್ಳಿ, ವಿದ್ಯುದ್ದೀಪದ ವೈರು, ಎಲ್ಲಿಯಾದರೂ ಸರಿ. ನಾರನ್ನೂ ಒಣಎಲೆಯನ್ನೂ ಜೇಡರ ಬಲೆಯ ನೂಲಿನಿಂದ ಹೆಣೆದು, ತೊಗಟೆಯ ಚೂರು, ಹುಳುವಿನ ಹಿಕ್ಕೆಗಳನ್ನು ಹೊರಗೆ ಅಂಟಿಸಿದ ಚೀಲವದು; ಬಾಗಿಲ ಮೇಲೆ ಮಳೆಗೆ ಅಡ್ಡವಾಗಿ ಪುಟ್ಟ ಸೂರು ಇರುತ್ತದೆ. ದೂರದಿಂದ ನೋಡಿದರೆ ಬಲೆಗೆ ಸಿಕ್ಕ ಕಸದಂತೆ ತೋರುತ್ತದೆ. ಹಬ್ಬಕ್ಕೆ ಮನೆ ಸ್ವಚ್ಛಮಾಡುವಾಗ ಎಷ್ಟೋ ಗೂಡುಗಳು ಪೊರಕೆಗೆ ಸಿಕ್ಕಿಹೋಗುವುದು ಹೀಗೆಯೇ. ಮರಿಗಳಿಗೆ ಮಕರಂದ ಸಾಲದು; ತಾಯಿತಂದೆಗಳು ಜೇಡ ಮತ್ತು ಸಣ್ಣ ಹುಳುಗಳನ್ನು ಹಿಡಿದು ತರುತ್ತವೆ. ಆದುದರಿಂದ ಹೂಗಿಡವನ್ನು ನೆಟ್ಟು, ಅದರ ಮೇಲೆ ಕೀಟನಾಶಕವನ್ನು ಸಿಂಪಡಿಸಿ, ಸೂರಕ್ಕಿ ಗೂಡು ಕಟ್ಟಲೆಂದು ಕಾಯುವುದು ವ್ಯರ್ಥ. ಹೂವಿನ ಬೇಸಾಯಕ್ಕೆ ಹೆಸರಾದ ಹೊಸೂರಿನಲ್ಲಿ ಈ ಮಾತಿಗೆ ಹೆಚ್ಚು ಅರ್ಥವಿದೆ.

ಕಿಹಿಮಿನಿಂದ ಸಲೀಂ ಅಲಿ ಹೊರಟದ್ದು ಒಂದು ವಿಲಕ್ಷಣ ಒಪ್ಪಂದದ ಮೇಲೆ. ದೇಶೀಯ ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆ ಸರಿಯಾಗಿ ಆಗಿರಲಿಲ್ಲ. ಖರ್ಚನ್ನು ಕೊಟ್ಟರೆ ಸಂಬಳವಿಲ್ಲದೆ ಆ ಕೆಲಸ ಮಾಡಿಕೊಡುವುದಾಗಿ ಅವರು ಮುಂದೆ ಬಂದರು. ಮೊದಲು ಹೈದರಾಬಾದ್ ಸಂಸ್ಥಾನ. ಬೀದರ, ಕಲಬುರಗಿ, ರಾಯಚೂರುಗಳು ಆಗ ಅದರಲ್ಲಿ ಸೇರಿದ್ದವು. ಅನಂತರ 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, ಆಮೇಲೆ ಮಧ್ಯಭಾರತದ ಸಂಸ್ಥಾನಗಳು. ಡೇರೆ, ಎತ್ತಿನ ಗಾಡಿ, ಬಂದೂಕು, ಟಿಪ್ಪಣಿ ಪುಸ್ತಕ. ಬಂದೂಕಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. ಮಾದರಿಗಳ ಸಂಗ್ರಹವಿಲ್ಲದೆ ಪಕ್ಷಿಗಳ ಖಚಿತ ವರ್ಗೀಕರಣ ಸಾಧ್ಯವಿಲ್ಲವೆಂದು ಅವರು ನಂಬಿದ್ದರು, ಹಾಗೆಯೇ ನಡೆದರು. ಇಂದಿನ ಓದುಗರಿಗೆ ಇದು ಇರಿಸುಮುರಿಸು ತರಬಹುದು. ಆದರೆ ಬದುಕಿರುವ ಹಕ್ಕಿಯ ಮುಂದೆ ಗಂಟೆಗಟ್ಟಲೆ ಸುಮ್ಮನೆ ಕುಳಿತವರೂ ಅವರೇ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಅವರ ಚಿತ್ರ ಅಪೂರ್ಣ. ಈ ಶಿಬಿರಗಳಲ್ಲಿ ತೆಹ್ಮಿನಾ ಜೊತೆಗಿರುತ್ತಿದ್ದರು. ಕಾಡಿನ ವಾಸದ ಕಷ್ಟಗಳನ್ನು ಇಷ್ಟಪಟ್ಟು ಸಹಿಸಿದರು.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಳಿಕ ತೆಹ್ಮಿನಾ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸಲೀಂ ಅಲಿ ತಂಗುವುದಕ್ಕೆ ಅಕ್ಕ ಕಮೂ ಮತ್ತು ಭಾವನ ಮನೆಯಾಯಿತು, ಮತ್ತೆ ಮದುವೆಯಾಗಲಿಲ್ಲ. ಆ ಸಾವಿನ ಬೆನ್ನಿಗೇ ಬಂದದ್ದು ಮೈಸೂರು ಸಂಸ್ಥಾನದ ಸಮೀಕ್ಷೆ, 1939–40ರಲ್ಲಿ. ಹೊಸೂರು ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿದ್ದರಿಂದ ಆ ಸಮೀಕ್ಷೆಯ ಎಲ್ಲೆಗೆ ಹೊರಗಾಯಿತು. ಸೇಲಂ ಜಿಲ್ಲೆಯ ಬೆಟ್ಟಗಳಲ್ಲಿ ಸೊಸೈಟಿಯ ಪೂರ್ವಘಟ್ಟದ ಸಮೀಕ್ಷೆ ಹತ್ತು ವರ್ಷಗಳ ಹಿಂದೆ ನಡೆದಿತ್ತು, ಬೇರೆಯವರ ಕೈಯಲ್ಲಿ. ಸರಕಾರದ ಗಡಿ ಹೀಗೆ. ಹೊಸೂರಿನ ಮೇಲ್ನಾಡಾದರೋ ಮೈಸೂರಿನ ಮೈದಾನದ್ದೇ ಮುಂದುವರಿಕೆ, ಆನೇಕಲ್ಲಿನ ಸೂರಕ್ಕಿಗೂ ತಳಿಯ ಸೂರಕ್ಕಿಗೂ ಯಾವ ಭೇದವೂ ಇಲ್ಲ. ಮೈಸೂರಿನ ಪಕ್ಷಿಗಳನ್ನು ಕುರಿತ ವರದಿ 1942–43ರಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಕಂಡು, ಆ ತಾಣವನ್ನು ಕಾಪಾಡುವಂತೆ ಅವರು ಮೈಸೂರು ಅರಸರನ್ನು ಒಪ್ಪಿಸಿದ್ದು 1940ರಲ್ಲಿ. ರಂಗನತಿಟ್ಟು ಪಕ್ಷಿಧಾಮ ಹಾಗೆ ಹುಟ್ಟಿತು. ದೋಣಿಯಲ್ಲಿ ಕುಳಿತು ಅಲ್ಲಿನ ಹಕ್ಕಿಗಳನ್ನು ನೋಡಿ ಬರುವ ಪ್ರವಾಸಿಗರಲ್ಲಿ, ಅದರ ಹಿಂದೆ ಹೆಂಡತಿಯನ್ನು ಆಗಷ್ಟೇ ಕಳೆದುಕೊಂಡ ಮನುಷ್ಯನೊಬ್ಬನ ತಿರುಗಾಟವಿತ್ತೆಂದು ಬಲ್ಲವರು ಕಡಿಮೆ.

1941ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ ಹೊರಬಂತು. ಬಣ್ಣದ ಚಿತ್ರಗಳು, ಪ್ರತಿ ಹಕ್ಕಿಗೂ ಕೆಲವೇ ಸಾಲುಗಳ ವಿವರ. ಭಾಷೆಯನ್ನು ಅಭ್ಯಸಿಸುವವರು ಈ ಪುಸ್ತಕವನ್ನು ಬೇರೆ ಕಾರಣಕ್ಕೂ ನೋಡಬೇಕು. ಹಕ್ಕಿಯ ಗಾತ್ರವನ್ನು ಅಲ್ಲಿ ಅಂಗುಲಗಳಲ್ಲಿ ಹೇಳಿ ಮುಗಿಸುವುದಿಲ್ಲ. ಗುಬ್ಬಿಗಿಂತ ಚಿಕ್ಕದು, ಮೈನಾದಷ್ಟು, ಕಾಗೆಗಿಂತ ದೊಡ್ಡದು ಎಂದು ಗೊತ್ತಿರುವ ಹಕ್ಕಿಯನ್ನು ಮುಂದಿಟ್ಟು ಗೊತ್ತಿಲ್ಲದ ಹಕ್ಕಿಯನ್ನು ಪರಿಚಯಿಸುತ್ತಾರೆ. ಓದುಗ ಅಂಗಳದಲ್ಲಿ ನಿಂತಿದ್ದಾನೆ, ಅವನ ಕೈಯಲ್ಲಿ ಅಳತೆಗೋಲಿಲ್ಲ ಎಂಬುದು ಬರೆಯುವವರಿಗೆ ಸದಾ ನೆನಪಿದೆ. ಕಾಲೇಜಿನ ಪದವಿ ಪಡೆಯದ ಲೇಖಕರ ಈ ಗದ್ಯ ವಿಶೇಷಣಗಳನ್ನು ದುಂದುಮಾಡದ, ಕಂಡದ್ದನ್ನು ಕಂಡಷ್ಟೇ ಹೇಳುವ ಗದ್ಯ. ಶಾಸ್ತ್ರಗ್ರಂಥಗಳ ಅನುವಾದಕ್ಕೆ ಕೈಹಾಕುವ ಕನ್ನಡಿಗರು ಅದರಿಂದ ಕಲಿಯುವುದಿದೆ.

ಸ್ವಾತಂತ್ರ್ಯಾನಂತರದ ಕಥೆ ಎಲ್ಲರಿಗೂ ತಿಳಿದದ್ದು. ಹಣವಿಲ್ಲದೆ ಸೊರಗಿದ್ದ ಸೊಸೈಟಿಗೆ ಸರಕಾರದ ನೆರವು ದೊರಕಿಸಿದರು. ಭರತಪುರದ ಜೌಗುಭೂಮಿಗಾಗಿ, ಸೈಲೆಂಟ್ ವ್ಯಾಲಿಯ ಕಾಡಿಗಾಗಿ ದನಿಯೆತ್ತಿದರು. ಮೋಟಾರುಸೈಕಲ್ಲಿನ ಹುಚ್ಚು ಕಡೆಗಾಲದವರೆಗೂ ಬಿಡಲಿಲ್ಲ; 1950ರಲ್ಲಿ 53 ವರ್ಷದ ಅವರು ಸ್ವೀಡನ್ನಿನ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ಹೋದಾಗ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಯೂರೋಪಿಗೆ ಒಯ್ದಿದ್ದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ಕೈಗೆ ಬಂದ ಅಂತರರಾಷ್ಟ್ರೀಯ ಬಹುಮಾನದ ದೊಡ್ಡ ಮೊತ್ತವನ್ನು ಸೊಸೈಟಿಗೆ ಒಪ್ಪಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಪ್ರಕಟವಾಯಿತು, ಬಾಲ್ಯದಲ್ಲಿ ಬಿದ್ದ ಆ ಗುಬ್ಬಿಯದೇ ಹೆಸರಿನಲ್ಲಿ. 1987ರಲ್ಲಿ, 90 ವರ್ಷ ದಾಟಿದ ಅವರು ಮುಂಬಯಿಯಲ್ಲಿ ನಿಧನರಾದರು. ಮೂರು ವರ್ಷಗಳ ಬಳಿಕ ತಮಿಳುನಾಡಿನ ಕೊಯಮತ್ತೂರಿನ ಬಳಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಸ್ಥಾಪನೆಯಾಯಿತು. ಪದವಿಯಿಲ್ಲವೆಂದು ಹುದ್ದೆ ನಿರಾಕರಿಸಲ್ಪಟ್ಟವರ ಹೆಸರಿನ ಕೇಂದ್ರದಲ್ಲಿ ಇಂದು ವಿದ್ಯಾರ್ಥಿಗಳು ಡಾಕ್ಟರೇಟಿಗೆ ಅಭ್ಯಾಸ ಮಾಡುತ್ತಾರೆ.

ಅವರ ಅತಿ ದೊಡ್ಡ ಕೃತಿ, ಅಮೆರಿಕದ ಡಿಲನ್ ರಿಪ್ಲಿ ಅವರೊಡನೆ ಸಿದ್ಧಪಡಿಸಿದ ಭಾರತ ಮತ್ತು ಪಾಕಿಸ್ತಾನಗಳ ಪಕ್ಷಿಗಳ ಕೈಪಿಡಿ. ಅದು ಹತ್ತು ಸಂಪುಟಗಳಷ್ಟು ದೊಡ್ಡದು. ಮೊದಲ ಸಂಪುಟಗಳಲ್ಲಿ ಕೊಕ್ಕರೆ, ಬಾತು, ಹದ್ದುಗಳಂಥ ದೊಡ್ಡ ಹಕ್ಕಿಗಳು. ಹತ್ತನೆಯದು 1974ರಲ್ಲಿ ಅಚ್ಚಾದಾಗ ಸಲೀಂ ಅಲಿಯವರಿಗೆ 77 ವರ್ಷ ಕಳೆದಿತ್ತು. ವರ್ಗೀಕರಣದ ಕ್ರಮವು ಯಾರ ಬದುಕನ್ನೂ ಲಕ್ಷಿಸಿ ನಡೆಯುವುದಲ್ಲ. ಆದರೂ ಆ ಕೊನೆಯ ಸಂಪುಟವನ್ನು ತೆರೆದರೆ ಮೊದಲು ಬರುವುದು ಮಾವಿನ ಮರದ ಬದನಿಕೆ ಹಕ್ಕಿಗಳು. ಅವುಗಳ ಹಿಂದೆ ಸೂರಕ್ಕಿಗಳು. ಕೆಲವು ಪುಟಗಳಾಚೆ ಹಳದಿ ಕೊರಳಿನ ಗುಬ್ಬಿ, ಕಿಹಿಮಿನ ಗೀಜಗ.